ಬೆನ್ಸನ್ ಟೌನಿನ ವಾದ, ನಮ್ಮ ದೊಡ್ಡಮ್ಮನ ಮಾತ್ರೆ

ನಮ್ಮ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ ಆಯಿತು. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು. ಕಳೆದ ಮಳೆಗಾಲದಲ್ಲಿ ಅದನ್ನು ನಿಲ್ಲಿಸಿಬಿಟ್ಟಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಫೋನಿನಲ್ಲಿ ಒಬ್ಬ ಬೋಧಕರು ದಿನಾ ರಾತ್ರಿ ಒಂಬತ್ತಕ್ಕೆ ಲೈವ್ ಬರುತ್ತಿದ್ದರು. ಹಾಡು ಚೆನ್ನಾಗಿತ್ತು, ಮಾತು ಇನ್ನೂ ಚೆನ್ನಾಗಿತ್ತು. ಗುಣವಾದವರು ಬಂದು ಸಾಕ್ಷಿ ಹೇಳುತ್ತಿದ್ದರು. "ಗುಣ ಆಗಿದೆ ಅಂತ ನಂಬಿದ ಮೇಲೆ ಮಾತ್ರೆ ಯಾಕೆ? ಮಾತ್ರೆ ನುಂಗೋದು ಅಪನಂಬಿಕೆ" ಎಂದು ಒಂದು ರಾತ್ರಿ ಅವರು ಹೇಳಿದರು. ಪರದೆಯ ಮೂಲೆಯಲ್ಲಿ ಕಾಣಿಕೆ ಕಳಿಸುವ ಕ್ಯೂಆರ್ ಕೋಡ್ ಇತ್ತು. ದೊಡ್ಡಮ್ಮ ಐನೂರು ರೂಪಾಯಿ ಕಳಿಸಿದಳು, ಮಾತ್ರೆಯ ಡಬ್ಬ ಅಟ್ಟದ ಮೇಲಿಟ್ಟಳು.

ನಾಲ್ಕು ತಿಂಗಳಾದ ಮೇಲೆ ಕಾಲಿನ ಹುಣ್ಣು ಮಾಯಲಿಲ್ಲ. ಎರಡು ಬೆರಳು ತೆಗೆಸಬೇಕಾಯಿತು. ಆಸ್ಪತ್ರೆಯಲ್ಲಿ ಅವಳು ಅತ್ತದ್ದು ಬೆರಳಿಗಾಗಿ ಅಲ್ಲ. ವಾಟ್ಸಾಪ್ ಗುಂಪಿನಲ್ಲಿ ಬಂದ ಉತ್ತರಕ್ಕೆ ಅತ್ತಳು: "ನಿಮ್ಮ ವಿಶ್ವಾಸದಲ್ಲಿ ಎಲ್ಲೋ ಕೊರತೆ ಇದೆ ಅಮ್ಮಾ." ನನ್ನ ಕೈ ಹಿಡಿದು ಕೇಳಿದಳು: "ನಾನು ಸರಿಯಾಗಿ ನಂಬಲಿಲ್ವೇನೋ, ಕಂದಾ?"

ನಮ್ಮದು ಕನಕಪುರದ ಕಡೆಯ ಹಳ್ಳಿ. ಮೂರು ತಲೆಮಾರಿನಿಂದ ಚರ್ಚಿಗೆ ಹೋಗುವ ಮನೆ. ಧರ್ಮಸಿದ್ಧಾಂತ ಅಂದರೆ ಓದಿದವರ ಜಗಳ, ಗದ್ದೆ ಕೆಲಸದವರಿಗೆ ಅದರಿಂದ ಏನಾಗಬೇಕು ಎಂದು ನಾನೂ ಅಂದುಕೊಂಡಿದ್ದೆ. ದೊಡ್ಡಮ್ಮನ ಕಾಲು ನೋಡಿದ ಮೇಲೆ ಹಾಗೆ ಅನ್ನಿಸುವುದಿಲ್ಲ. ಸಿದ್ಧಾಂತ ತಪ್ಪಿದರೆ ಪೆಟ್ಟು ಬೀಳುವುದು ಬಡವರ ಮೈಮೇಲೆ. ಅದಕ್ಕೇ ಈ ಬರಹ.

ಒಂದೇ ರಸ್ತೆ, ನೂರು ವರ್ಷದ ವಾದ

ಬೆಂಗಳೂರಿನ ಕಂಟೋನ್ಮೆಂಟ್ ರೈಲು ನಿಲ್ದಾಣದಲ್ಲಿ ಇಳಿದರೆ ಬೆನ್ಸನ್ ಟೌನ್ ನಡೆದು ಹೋಗುವಷ್ಟು ಹತ್ತಿರ. ಅಲ್ಲಿನ ಮಿಲ್ಲರ್ಸ್ ರಸ್ತೆಯಲ್ಲಿ ಬೆಂಗಳೂರಿನ ಕಥೋಲಿಕ ಮಹಾಧರ್ಮಾಧ್ಯಕ್ಷರ ನಿವಾಸವಿದೆ. ಅದೇ ರಸ್ತೆಯಲ್ಲಿ ಪ್ರೊಟೆಸ್ಟೆಂಟ್ ಸಭೆಗಳು ಸೇರಿ 1910ರಲ್ಲಿ ಕಟ್ಟಿದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಅಂದರೆ ಯುಟಿಸಿ ಇದೆ. ಧರ್ಮ ಮತ್ತು ಸಮಾಜವನ್ನು ಒಟ್ಟಿಗೆ ಅಧ್ಯಯನ ಮಾಡಲು 1957ರಲ್ಲಿ ಶುರುವಾದ ಕ್ರೈಸ್ತ ಸಂಸ್ಥೆ ಸಿಐಎಸ್‌ಆರ್‌ಎಸ್ ಕೂಡ ಅದೇ ಬಡಾವಣೆಯದು. ಪತ್ರಿಕೋದ್ಯಮ ಓದುವಾಗ ನಾನು ಆ ಕಡೆಯೇ ಒಂದು ಕೋಣೆಯಲ್ಲಿದ್ದೆ. ಕಾಂಪೌಂಡು, ಮರ, ಕಾವಲುಗಾರ ಬಿಟ್ಟರೆ ಹೊರಗಿನಿಂದ ಏನೂ ಕಾಣುವುದಿಲ್ಲ.

ಒಳಗೆ ನಡೆದ ವಾದಗಳು ಮಾತ್ರ ಸಣ್ಣವಲ್ಲ. ಕ್ರೈಸ್ತ ಧರ್ಮವನ್ನು ಈ ಕಾಲಕ್ಕೆ, ಈ ನೆಲಕ್ಕೆ ಹೇಗೆ ಹೊಂದಿಸಬೇಕು? ಏನನ್ನು ಬದಲಿಸಬಹುದು, ಏನನ್ನು ಮುಟ್ಟಬಾರದು? ಇಲ್ಲಿಂದ ಎದ್ದ ಸುಧಾರಣೆಗಳಿಗೆಲ್ಲ "ಇದು ಮೂಲ ಬೋಧನೆಗೆ ವಿರುದ್ಧ" ಎಂಬ ಆಕ್ಷೇಪಣೆ ಬಂದಿದೆ. ನನ್ನ ಮಾತು ಇಷ್ಟೇ: ಆ ಆಕ್ಷೇಪಣೆಗಳನ್ನು ಹಳೇಕಾಲದವರ ಹಠ ಎಂದು ತಳ್ಳಿಹಾಕಬಾರದು. ಆದರೆ ಆಕ್ಷೇಪಣೆಯನ್ನೂ ಸುಧಾರಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಯೇಸುವಿನ ಬೋಧನೆಯ ನಡುಮನೆಯಲ್ಲಿ ಕೂತಿರುವುದು ಬಡವರು, ರೋಗಿಗಳು, ಹೊರಗಿಟ್ಟವರು. ಯಾವುದೇ ಬದಲಾವಣೆ ಅವರನ್ನು ಎತ್ತುತ್ತದೆಯೋ ತುಳಿಯುತ್ತದೆಯೋ ಎಂಬುದೇ ಆ ತೂಕ.

ದೀಪ ಹಚ್ಚಿದರೆ ಧರ್ಮ ಕೆಡುತ್ತದೆಯೇ?

1962ರಿಂದ 1965ರವರೆಗೆ ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯಿತು. ಅಲ್ಲಿಯವರೆಗೆ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಪೂಜೆಯನ್ನು ಜನರ ಭಾಷೆಯಲ್ಲಿ ನಡೆಸಲು ಆ ಸಭೆ ದಾರಿ ಮಾಡಿತು. ಆ ಸುಧಾರಣೆಯನ್ನು ಭಾರತಕ್ಕೆ ಹೊಂದಿಸಲು 1967ರಲ್ಲಿ ಬೆಂಗಳೂರಿನ ಹಚಿನ್ಸ್ ರಸ್ತೆಯಲ್ಲಿ ಎನ್‌ಬಿಸಿಎಲ್‌ಸಿ ಎಂಬ ರಾಷ್ಟ್ರೀಯ ಕೇಂದ್ರ ಶುರುವಾಯಿತು. ಅದನ್ನು ಕಟ್ಟಿದವರು ಡಿ.ಎಸ್. ಅಮಲೋರ್ಪವದಾಸ್ ಎಂಬ ಗುರುಗಳು. ಅವರ ಅಣ್ಣ ಡಿ. ಸೈಮನ್ ಲೂರ್ದುಸಾಮಿ 1968ರಿಂದ 1971ರವರೆಗೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದರು.

1969ರ ಏಪ್ರಿಲ್‌ನಲ್ಲಿ ರೋಮ್ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಕೊಟ್ಟಿತು. ಪೂಜೆಯಲ್ಲಿ ನೆಲದ ಮೇಲೆ ಕೂರಬಹುದು, ಚಪ್ಪಲಿ ಹೊರಗೆ ಬಿಡಬಹುದು. ಮಂಡಿಯೂರುವ ಬದಲು ಕೈಮುಗಿಯಬಹುದು. ಮೇಣದಬತ್ತಿಯ ಜಾಗದಲ್ಲಿ ಎಣ್ಣೆ ದೀಪ ಇಡಬಹುದು. ಆರತಿ ಎತ್ತಬಹುದು. ಹೀಗೆ.

ಹಲವು ಕಥೋಲಿಕರಿಗೆ ಇದು ಹಿಡಿಸಲಿಲ್ಲ. "ಆರತಿ, ದೀಪ ಎಲ್ಲ ಬೇರೆ ಧರ್ಮದ ಅರ್ಥ ಹೊತ್ತು ಬಂದವು. ಚಿಹ್ನೆ ತಂದರೆ ಅರ್ಥವೂ ಜೊತೆಗೆ ಬರುತ್ತದೆ. ನಮ್ಮನ್ನು ಕೇಳದೆ ಮೇಲಿನಿಂದ ಹೇರಿದರು" ಎಂಬುದು ಅವರ ದೂರು. ಇದರಲ್ಲಿ ಹುರುಳೇ ಇಲ್ಲ ಎನ್ನಲಾರೆ. ಮದುವೆ ಮನೆಯ ಶಾಸ್ತ್ರವನ್ನು ಒಂದೇ ಒಂದು ಬದಲಿಸಿ ನೋಡಿ, ನಮ್ಮ ಅಜ್ಜಿಯರು ಬಿಡುತ್ತಾರೆಯೇ? ಕೈ ಮಾಡುವ ಕೆಲಸ ಮನಸ್ಸಿನ ನಂಬಿಕೆಯನ್ನೂ ತಿದ್ದುತ್ತದೆ ಎಂಬುದು ಅವರಿಗೆ ಗೊತ್ತು.

ಆದರೆ ಈ ವಾದ ಹೊಸದಲ್ಲ. 1606ರಲ್ಲಿ ಮದುರೆಗೆ ಬಂದ ರಾಬರ್ಟ್ ಡಿ ನೊಬಿಲಿ ಎಂಬ ಇಟಲಿಯ ಪಾದ್ರಿ ಕಾವಿ ಉಟ್ಟು, ಸಸ್ಯಾಹಾರ ಹಿಡಿದು, ಸಂನ್ಯಾಸಿಯಂತೆ ಬದುಕಿದರು. ಜನಿವಾರ, ಗಂಧ, ಸ್ನಾನದಂಥ ಪದ್ಧತಿಗಳನ್ನು ಉಳಿಸಿಕೊಳ್ಳಲು 1623ರಲ್ಲಿ ಪೋಪರ ಅನುಮತಿಯೂ ಸಿಕ್ಕಿತು. ಅದೇ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಪಾದ್ರಿಗಳೂ ಇದೇ ದಾರಿ ಹಿಡಿದರು. ನೋಡಲು ಚೆಂದದ ಸುಧಾರಣೆ. ಆದರೆ ಕಾವಿಯ ಜೊತೆ ಜಾತಿಯೂ ಒಳಗೆ ಬಂತು. ಮೇಲುಜಾತಿಯವರ ಗುರು ಹೊಲಗೇರಿಗೆ ಕಾಲಿಟ್ಟರೆ ಮೈಲಿಗೆ ಎಂದು ಹೋಗದೆ ಉಳಿದರು. ಕೇರಿಯಲ್ಲಿ ಸಾಯುತ್ತಿರುವವರಿಗೆ ಕೊನೆಯ ಸಂಸ್ಕಾರ ಕೊಡಲೂ ಮನೆಯೊಳಗೆ ಹೋಗುತ್ತಿರಲಿಲ್ಲ.

1704ರಲ್ಲಿ ಪುದುಚೇರಿಯಲ್ಲಿ ಪೋಪರ ಪ್ರತಿನಿಧಿ ಟೂರ್ನೊ ಒಂದು ಆಜ್ಞೆ ಹೊರಡಿಸಿದರು. ಬಂದು ಕೆಲವೇ ತಿಂಗಳಾಗಿತ್ತು, ಇಲ್ಲಿನ ಭಾಷೆ ಬರುತ್ತಿರಲಿಲ್ಲ. ವಿಭೂತಿ, ಸ್ನಾನ ಎಂದು ಅನೇಕ ಪದ್ಧತಿಗಳನ್ನು ನಿಷೇಧಿಸಿದರು. ಹೊರಗಿನವರ ಅತಿರೇಕ ಎನ್ನಬಹುದು. ಆದರೆ ಅದೇ ಆಜ್ಞೆಯಲ್ಲಿ ಇನ್ನೆರಡು ಮಾತಿದ್ದವು. ರೋಗಿ ಯಾವ ಜಾತಿಯವನಾದರೂ ಅವನ ಮನೆಗೇ ಹೋಗಿ ಸಂಸ್ಕಾರ ಕೊಡಬೇಕು. ಮುಟ್ಟಾದ ಹೆಣ್ಣುಮಕ್ಕಳನ್ನು ಸಂಸ್ಕಾರದಿಂದ ದೂರ ಇಡಬಾರದು.

ಇಲ್ಲಿ ಒಂದು ಗಳಿಗೆ ನಿಲ್ಲಿ. ಸುಧಾರಕರು ಎನಿಸಿಕೊಂಡವರು ಜಾತಿಯನ್ನು ಸಹಿಸಿದ್ದರು. ಸಂಪ್ರದಾಯಸ್ಥರು ಎನಿಸಿಕೊಂಡವರು ಸಿದ್ಧಾಂತದ ಹೆಸರಿನಲ್ಲಿ ಅದನ್ನು ಪ್ರಶ್ನಿಸಿದರು. ಎಲ್ಲರೂ ಒಂದೇ ದೇಹದ ಅಂಗಗಳು ಎಂಬ ಬೋಧನೆ ಅವತ್ತು ಕೇರಿಯ ರೋಗಿಯ ಕಡೆ ನಿಂತಿತು. ಇಷ್ಟಾದರೂ 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಆ ಆಜ್ಞೆಯನ್ನು ಗಟ್ಟಿ ಮಾಡುವಾಗ, ಕೇರಿಯವರಿಗೇ ಬೇರೆ ಪಾದ್ರಿಗಳನ್ನು ನೇಮಿಸುವ ಏರ್ಪಾಡಿಗೆ ಒಪ್ಪಿದರು. ಜಾತಿ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂತು.

ಯಾರ ಸಂಸ್ಕೃತಿ, ಯಾರ ಭಾಷೆ?

ಆ ಹಿಂಬಾಗಿಲನ್ನು ತೋರಿಸಿದ್ದು ಮಿಲ್ಲರ್ಸ್ ರಸ್ತೆಯೇ. 1981ರಲ್ಲಿ ಯುಟಿಸಿಯಲ್ಲಿ ಅರವಿಂದ ಪಿ. ನಿರ್ಮಲ್ ಎಂಬ ದೇವಶಾಸ್ತ್ರದ ಮೇಷ್ಟ್ರು ಶೂದ್ರ ದೇವಶಾಸ್ತ್ರದ ಬಗ್ಗೆ ಭಾಷಣ ಮಾಡಿದರು. ಭಾರತದ ಕ್ರೈಸ್ತ ಚಿಂತಕರು ವೇದಾಂತದ ಭಾಷೆಯಲ್ಲೇ ಯೇಸುವನ್ನು ವಿವರಿಸುತ್ತಾ ಬಂದರು. ಚರ್ಚಿನಲ್ಲಿ ಕೂತ ಬಹುಪಾಲು ಜನ ದಲಿತರು, ಅವರ ನೋವು ಆ ಪುಸ್ತಕಗಳಲ್ಲಿ ಇಲ್ಲವೇ ಇಲ್ಲ ಎಂಬುದು ಅವರ ವಾದದ ತಿರುಳು. ಇವತ್ತು ದಲಿತ ದೇವಶಾಸ್ತ್ರ ಎಂದು ಕರೆಯುವ ಧಾರೆಗೆ ಅಲ್ಲಿಂದ ಬಲ ಬಂತು.

ಭಾರತೀಯ ಸಂಸ್ಕೃತಿ ಎಂದು ಚರ್ಚಿಗೆ ತಂದದ್ದು ಯಾರದು? ಸಂಸ್ಕೃತ ಮಂತ್ರ ಬಂತು, ಅಂಗವಸ್ತ್ರ ಬಂತು. ತಮಟೆ ಯಾಕೆ ಬರಲಿಲ್ಲ? ನಾಟಿ ಹಾಡು, ಸೋಬಾನೆ ಪದ ಯಾಕೆ ಬರಲಿಲ್ಲ? ಎಣ್ಣೆ ದೀಪದಿಂದ ಧರ್ಮ ಕೆಡುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಯಾವ ಗುಡಿಯೊಳಗೆ ತಮ್ಮನ್ನು ಬಿಟ್ಟುಕೊಳ್ಳದೆ ನಿಲ್ಲಿಸಿದ್ದರೋ ಅದೇ ಗುಡಿಯ ಆರತಿ ತಮ್ಮ ಚರ್ಚಿಗೆ ಬಂದಾಗ ದಲಿತ ಕ್ರೈಸ್ತರಿಗೆ ಏನನ್ನಿಸಿತು ಎಂದು ಯಾರಾದರೂ ಕೇಳಬೇಕಿತ್ತು. ಮೂರ್ತಿಪೂಜೆಯ ಭಯಕ್ಕಿಂತ ಈ ಆಕ್ಷೇಪಣೆ ದೊಡ್ಡದು.

ಭಾಷೆಯದ್ದೂ ಇದೇ ಕಥೆ. ಪೂಜೆ ಜನರ ಭಾಷೆಯಲ್ಲಿ ಇರಲಿ ಎಂದಾಗ ಬೆಂಗಳೂರಿನಲ್ಲಿ ಎದ್ದ ಪ್ರಶ್ನೆ: ಯಾವ ಜನರ ಭಾಷೆ? ಕನ್ನಡವೋ, ತಮಿಳೋ, ಇಂಗ್ಲಿಷೋ? ಕನ್ನಡ ಕಥೋಲಿಕರು ತಮ್ಮ ನಾಡಿನ ಚರ್ಚುಗಳಲ್ಲಿ ತಮ್ಮ ಭಾಷೆಗೆ ಜಾಗ ಕೇಳಿ ದಶಕಗಳ ಕಾಲ ಹೋರಾಡಿದರು. ಆ ಕೂಗು ಬೆನ್ಸನ್ ಟೌನಿನ ಗೇಟಿನವರೆಗೂ ಹೋಯಿತು. ಸುಧಾರಣೆಯ ಕಾಗದದಲ್ಲಿ ಜನ ಎಂದು ಬರೆಯುವುದು ಸುಲಭ. ಆ ಜನ ಯಾರು ಎಂದು ಹೇಳುವಾಗಲೇ ಕಷ್ಟ.

ದೀಕ್ಷಾಸ್ನಾನಕ್ಕೆ ತಾಲ್ಲೂಕು ಕಚೇರಿಯ ಬೆಲೆ

ಇನ್ನೊಂದು ವಾದ ಸಿಐಎಸ್‌ಆರ್‌ಎಸ್‌ನದು. ಅದರ ನಿರ್ದೇಶಕರಾಗಿದ್ದ ಎಂ.ಎಂ. ಥಾಮಸ್ ಕೇರಳದವರು, ಪಾದ್ರಿಯಲ್ಲದ ಸಾಮಾನ್ಯ ವಿಶ್ವಾಸಿ. ಮುಂದೆ ನಾಗಾಲ್ಯಾಂಡಿನ ರಾಜ್ಯಪಾಲರೂ ಆದರು. ಕ್ರಿಸ್ತನನ್ನು ನಂಬುವವರು ತಮ್ಮ ಸಮುದಾಯ ಬಿಟ್ಟು ಕ್ರೈಸ್ತ ಎಂಬ ಇನ್ನೊಂದು ಕೋಮಿಗೆ ಸೇರಲೇಬೇಕೇ, ಮನುಷ್ಯನ ಘನತೆಗಾಗಿ ದುಡಿಯುವುದೂ ರಕ್ಷಣೆಯ ಭಾಗವಲ್ಲವೇ ಎಂದು 1970ರ ಆಸುಪಾಸಿನಲ್ಲಿ ಅವರು ಕೇಳಿದರು. ಆಗ ಮದ್ರಾಸಿನಲ್ಲಿ ಸಿಎಸ್‌ಐ ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ಒಪ್ಪಲಿಲ್ಲ. ನಂಬಿಕೆಗೆ ಕಣ್ಣಿಗೆ ಕಾಣುವ ಒಂದು ಬಳಗ ಬೇಕು, ಮನಸ್ಸಿನಲ್ಲೇ ಉಳಿದರೆ ಅದು ಆವಿಯಾಗುತ್ತದೆ ಎಂಬುದು ಅವರ ಆತಂಕ. ಇಬ್ಬರೂ ಪತ್ರ ಬರೆದು, ಅಚ್ಚು ಹಾಕಿಸಿ ವಾದ ಮಾಡಿದರು. ಬೈಗುಳ ಇರಲಿಲ್ಲ.

ಹಳ್ಳಿಯಲ್ಲಿ ಈ ಪ್ರಶ್ನೆಗೆ ಬೇರೆ ತೂಕ ಇದೆ. ಪರಿಶಿಷ್ಟ ಜಾತಿಗಳ ಬಗ್ಗೆ 1950ರಲ್ಲಿ ಬಂದ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂಗಳಲ್ಲದವರು ಆ ಪಟ್ಟಿಯಲ್ಲಿ ಬರುವುದಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನು ಸೇರಿಸಲಿಲ್ಲ. ಹೀಗಾಗಿ ದಲಿತ ಕುಟುಂಬವೊಂದು ದೀಕ್ಷಾಸ್ನಾನ ಪಡೆದರೆ ಮಗಳ ಪರಿಶಿಷ್ಟ ಜಾತಿ ಪ್ರಮಾಣಪತ್ರ ಹೋಗುತ್ತದೆ. ಕೇರಿ ಅದೇ, ಜನ ನೋಡುವ ಕಣ್ಣೂ ಅದೇ. ಪರಿಶಿಷ್ಟ ಜಾತಿಯ ಮೀಸಲಾತಿ ಮಾತ್ರ ಇಲ್ಲ. "ಧೈರ್ಯವಾಗಿ ದೀಕ್ಷಾಸ್ನಾನ ತಗೊಳ್ಳಿ" ಎಂದು ಬೋಧಿಸುವವರು ಆ ಮಗಳ ಕಾಲೇಜಿನ ಫೀಸು ಕಟ್ಟುತ್ತಾರೆಯೇ? ನ್ಯೂಬಿಗಿನ್ ಅವರ ಆತಂಕ ಸಿದ್ಧಾಂತದಲ್ಲಿ ಸರಿಯೆಂದೇ ನನಗೂ ಅನ್ನಿಸುತ್ತದೆ. ಆದರೆ ಅದರ ಬೆಲೆ ಬಡವನೊಬ್ಬನೇ ತೆರುವುದಾದರೆ ಚರ್ಚು ಮೊದಲು ಆ ಬೆಲೆಯಲ್ಲಿ ಪಾಲು ಹೊರಬೇಕು.

ಹೆಂಗಸರು ಪಾದ್ರಿಗಳಾಗಬಹುದೇ ಎಂಬ ಪ್ರಶ್ನೆಗೂ ಮಿಲ್ಲರ್ಸ್ ರಸ್ತೆಯಲ್ಲಿ ಎರಡು ಉತ್ತರ ಇವೆ. ಯುಟಿಸಿಯಲ್ಲಿ ಹೆಣ್ಣುಮಕ್ಕಳು ಓದಿ ಪಾದ್ರಿಗಳಾಗುತ್ತಾರೆ. 2013ರಲ್ಲಿ ಸಿಎಸ್‌ಐ ಸಭೆ ಆಂಧ್ರದ ನಂದ್ಯಾಲಕ್ಕೆ ಇ. ಪುಷ್ಪಲಲಿತ ಅವರನ್ನು ತನ್ನ ಮೊದಲ ಮಹಿಳಾ ಬಿಷಪ್ ಆಗಿ ಅಭಿಷೇಕಿಸಿತು. ಅದೇ ರಸ್ತೆಯ ಮಹಾಧರ್ಮಾಧ್ಯಕ್ಷರು ಸೇರಿದ ಕಥೋಲಿಕ ಸಭೆ, ಯೇಸು ಹನ್ನೆರಡು ಗಂಡಸರನ್ನೇ ಆರಿಸಿದ್ದರಿಂದ ಅದನ್ನು ಬದಲಿಸುವ ಅಧಿಕಾರ ತನಗಿಲ್ಲ ಎನ್ನುತ್ತದೆ. ಪುನರುತ್ಥಾನದ ಸುದ್ದಿಯನ್ನು ಮೊದಲು ಹೊತ್ತು ತಂದವರು ಹೆಂಗಸರೇ ಎಂದು ಅದೇ ಸುವಾರ್ತೆ ಹೇಳುವಾಗ, ನನ್ನ ಮನಸ್ಸು ಮೊದಲ ಉತ್ತರದ ಕಡೆಗಿದೆ. ಹಾಗಂತ ಎರಡನೆಯದನ್ನು ನಗೆಯಾಡುವುದಿಲ್ಲ. ಅವರು ಕಾರಣ ಹೇಳುತ್ತಾರೆ, ಆ ಕಾರಣವನ್ನು ನಾವು ಪ್ರಶ್ನಿಸಬಹುದು.

ಫೋನಿನ ಬೋಧಕರನ್ನು ಯಾರು ಕೇಳಬೇಕು?

ದೊಡ್ಡಮ್ಮನ ಫೋನಿನಲ್ಲಿ ಇಲ್ಲದ್ದು ಇದೇ: ಕಾರಣ ಕೇಳುವ ಜಾಗ. ಇವತ್ತು ಹಳ್ಳಿಗೆ ತಲುಪಿರುವ ದೊಡ್ಡ ಸುಧಾರಣೆ ದೀಪದ್ದೂ ಅಲ್ಲ, ದೀಕ್ಷಾಸ್ನಾನದ್ದೂ ಅಲ್ಲ. ನಂಬಿದರೆ ರೋಗ ಹೋಗುತ್ತದೆ, ಕಾಣಿಕೆ ಬಿತ್ತಿದರೆ ಹಣ ಬೆಳೆಯುತ್ತದೆ ಎನ್ನುವ ಸಮೃದ್ಧಿಯ ಸುವಾರ್ತೆ ಅದು.

ಗುಣಪಡಿಸುವ ಪ್ರಾರ್ಥನೆಯೇ ತಪ್ಪು ಎನ್ನುತ್ತಿಲ್ಲ. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಎಂದು ಬೈಬಲಿನಲ್ಲೇ ಇದೆ. ಆತ್ಮದ ಉಜ್ಜೀವನ ಎಂಬುದು ನಮ್ಮ ನೆಲದ ಮಗಳ ಕಥೆಯೂ ಹೌದು. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಕಲಿಸಿದ ಸಿದ್ಧಾಂತವನ್ನು ಸುಮ್ಮನೆ ನುಂಗಲಿಲ್ಲ. ಅಲ್ಲಿನ ಸಂನ್ಯಾಸಿನಿಯರ ಜೊತೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. 1905ರಲ್ಲಿ ಪುಣೆ ಬಳಿಯ ಕೇಡಗಾಂವ್‌ನ ಅವರ ಮುಕ್ತಿ ಆಶ್ರಮದಲ್ಲಿ ದೊಡ್ಡ ಉಜ್ಜೀವನ ನಡೆಯಿತು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹೆಸರಾದ ಪೆಂಟಕೋಸ್ಟಲ್ ಉಜ್ಜೀವನಕ್ಕಿಂತ ಅದು ಒಂದು ವರ್ಷ ಮೊದಲು. ಅಲ್ಲಿ ಕಣ್ಣೀರಿಟ್ಟು ಪ್ರಾರ್ಥಿಸಿದ ಹೆಣ್ಣುಮಕ್ಕಳಲ್ಲಿ ಅನೇಕರು ಬರಗಾಲದಲ್ಲಿ ರಮಾಬಾಯಿ ಎತ್ತಿಕೊಂಡು ಬಂದವರು, ವಿಧವೆಯರು. ಅವರಿಗೆ ಅನ್ನ, ಅಕ್ಷರ, ಕಸುಬು ಮೂರೂ ಅಲ್ಲಿ ಸಿಕ್ಕಿದ್ದವು. ಪ್ರಾರ್ಥನೆಯ ಜೊತೆ ಹೊಣೆ ಇತ್ತು.

ಫೋನಿನ ಬೋಧನೆಯನ್ನು ಬೈಬಲಿನ ಪಕ್ಕದಲ್ಲೇ ಇಟ್ಟು ನೋಡಿ. ಯೋಬ ಎಲ್ಲ ಕಳೆದುಕೊಂಡು ಹುಣ್ಣಾಗಿ ಕೂತಾಗ, ನೀನೇ ಏನೋ ತಪ್ಪು ಮಾಡಿದ್ದೀಯ ಎಂದು ಗೆಳೆಯರು ಹೇಳಿದರು. ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪದ ಫಲ ಎಂದು ಶಿಷ್ಯರು ಕೇಳಿದಾಗ, ಅವನದ್ದೂ ಅಲ್ಲ, ಹೆತ್ತವರದ್ದೂ ಅಲ್ಲ ಎಂದರು ಯೇಸು. ಪೌಲ ತನ್ನ ದೇಹದ ಬಾಧೆ ಹೋಗಲಿ ಎಂದು ಮೂರು ಸಲ ಬೇಡಿದ, ಅದು ಹೋಗಲಿಲ್ಲ. ಅವನಿಗೆ ವಿಶ್ವಾಸ ಸಾಲದು ಎಂದು ಹೇಳುವ ಧೈರ್ಯ ಯಾರಿಗಿದೆ? ಅದೇ ಪೌಲನ ಜೊತೆಗಾರ ಲೂಕ ವೈದ್ಯನಾಗಿದ್ದ. ಕಥೋಲಿಕರ ಬೈಬಲಿನ ಸಿರಾಖನ ಗ್ರಂಥವಂತೂ ವೈದ್ಯನನ್ನು ಗೌರವಿಸಿ, ಔಷಧಿಯೂ ದೇವರ ಸೃಷ್ಟಿ ಎನ್ನುತ್ತದೆ.

ಹಾಗಾದರೆ ಮಾತ್ರೆ ಬಿಡಿ ಎಂಬುದು ಎಲ್ಲಿಂದ ಬಂತು? ನನ್ನ ಪ್ರಕಾರ ಇದೇ ನಿಜವಾದ ಸಿದ್ಧಾಂತದ ದೋಷ. ಗುಣವಾದರೆ ಹೆಸರು ಬೋಧಕರಿಗೆ, ಗುಣವಾಗದಿದ್ದರೆ ತಪ್ಪು ರೋಗಿಗೆ. ದೇವರ ಕೃಪೆಯನ್ನು ವ್ಯಾಪಾರ ಮಾಡಿ, ನಷ್ಟವನ್ನು ಬಡವರ ಖಾತೆಗೆ ಬರೆಯುವ ಲೆಕ್ಕ ಇದು. ಗುಣಪಡಿಸುವ ಪ್ರಾರ್ಥನಾಕೂಟಗಳು ಧರ್ಮಾಧ್ಯಕ್ಷರ ಮೇಲ್ವಿಚಾರಣೆಯಲ್ಲಿ ಇರಬೇಕು, ಉನ್ಮಾದ ಮತ್ತು ನಾಟಕೀಯತೆ ಬೇಡ ಎಂದು ವ್ಯಾಟಿಕನ್ 2000ದಲ್ಲೇ ಸೂಚನೆ ಕೊಟ್ಟಿದೆ. ಆದರೆ ಯಾವ ಸಭೆಗೂ ಸೇರದ ಚಾನೆಲ್ಲಿಗೆ ಯಾವ ಸೂಚನೆ ತಟ್ಟುತ್ತದೆ?

"ಹಳೇ ಚರ್ಚುಗಳು ಸರಿಯಾಗಿದ್ದರೆ ಜನ ಫೋನಿನ ಹಿಂದೆ ಯಾಕೆ ಹೋಗುತ್ತಿದ್ದರು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ದೊಡ್ಡಮ್ಮ ಕಾಯಿಲೆ ಬಿದ್ದ ಹನ್ನೊಂದು ವರ್ಷದಲ್ಲಿ ಮನೆಗೆ ಬಂದು ತಲೆ ಮುಟ್ಟಿ ಪ್ರಾರ್ಥಿಸಿದವರು ಬೆರಳೆಣಿಕೆ. ಆ ಬೋಧಕರು ದಿನಾ ರಾತ್ರಿ ಒಂಬತ್ತಕ್ಕೆ ಬರುತ್ತಿದ್ದರು. ಬಾಗಿಲು ತಟ್ಟುವವರು ಇಲ್ಲದ ಮನೆಗೆ ಫೋನು ನುಗ್ಗುತ್ತದೆ. ಸಿದ್ಧಾಂತ ಕಾಯುವವರು ರೋಗಿಯ ಮಂಚದ ಹತ್ತಿರ ಇರದಿದ್ದರೆ ಅವರ ಕಾವಲಿಗೆ ಅರ್ಥವಿಲ್ಲ.

ನೀವು ಚರ್ಚಿಗೆ ಹೋಗುವವರಾಗಲಿ, ಮಠಕ್ಕೆ, ದರ್ಗಾಕ್ಕೆ ಹೋಗುವವರಾಗಲಿ, ಹೊಸ ಬೋಧನೆ ಫೋನಿನಲ್ಲಿ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಹೇಳುವವರು ಯಾರಿಗೆ ಲೆಕ್ಕ ಕೊಡುತ್ತಾರೆ? ಎದುರು ಪ್ರಶ್ನೆ ಕೇಳಿದರೆ ಉತ್ತರಿಸುತ್ತಾರೋ, ಗುಂಪಿನಿಂದ ತೆಗೆಯುತ್ತಾರೋ? ಹೇಳಿದ್ದು ನಡೆಯದಿದ್ದರೆ ತಪ್ಪು ಯಾರ ಮೇಲೆ ಬೀಳುತ್ತದೆ? ಇದರಿಂದ ನಮ್ಮೂರಿನ ಅತಿ ಬಡವರಿಗೆ ಬಲ ಬರುತ್ತದೋ, ಭಯ ಬರುತ್ತದೋ? ಮಿಲ್ಲರ್ಸ್ ರಸ್ತೆಯ ಪಂಡಿತರು ನೂರು ವರ್ಷ ವಾದ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

ದೊಡ್ಡಮ್ಮ ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಆಸ್ಪತ್ರೆಯಲ್ಲಿ ಅವಳು ಕೇಳಿದ್ದಕ್ಕೆ ನಾನು ಆಗ ಉತ್ತರ ಕೊಟ್ಟಿರಲಿಲ್ಲ. ಮೊನ್ನೆ ಊರಿಗೆ ಹೋದಾಗ ಯೋಬನ ಕಥೆ ಓದಿ ಹೇಳಿದೆ. ಗೆಳೆಯರಿಗೆ ದೇವರು ಬೈದ ಜಾಗ ಬಂದಾಗ "ಇನ್ನೊಂದು ಸಲ ಓದು" ಅಂದಳು. ಓದಿದೆ. ಆಮೇಲೆ ನೀರು ತರಿಸಿಕೊಂಡು, ಶಿಲುಬೆ ಗುರುತು ಹಾಕಿ, ರಾತ್ರಿಯ ಮಾತ್ರೆ ನುಂಗಿದಳು.